ಶೇಷವಿಲ್ಲದ ಹಂಚಿಕೆ

ಒಂದು ರಾಶಿಯನ್ನು ಸಮನಾದ ಪಾಲುಗಳಾಗಿ ವಿಂಗಡಿಸುವುದು ಮನುಷ್ಯನು ಕಲಿತ ಬಹು ಹಳೆಯ ಲೆಕ್ಕಗಳಲ್ಲಿ ಒಂದಾಗಿರಬೇಕು. ಮನೆಯಲ್ಲಿ ಮಕ್ಕಳಿಗೆ ಹಣ್ಣು ಹಂಚುವಾಗ, ಊಟಕ್ಕೆ ಪಂಕ್ತಿಗಳನ್ನು ಹಾಕುವಾಗ, ಮೈದಾನದಲ್ಲಿ ಕವಾಯತಿಗೆ ಸಾಲು ನಿಲ್ಲಿಸುವಾಗ ನಾವೆಲ್ಲರೂ ಈ ಲೆಕ್ಕವನ್ನೇ ಮಾಡುತ್ತೇವೆ. ಆದರೆ ಎಲ್ಲ ರಾಶಿಗಳೂ ಎಲ್ಲ ಬಗೆಯ ಹಂಚಿಕೆಗೂ ಒಗ್ಗುವುದಿಲ್ಲ. 24 ಮಂದಿಯನ್ನು ಹಲವು ರೀತಿಗಳಲ್ಲಿ ಸಮನಾದ ಸಾಲುಗಳಾಗಿ ನಿಲ್ಲಿಸಬಹುದು; ಅವರಲ್ಲಿ ಒಬ್ಬನು ಗೈರುಹಾಜರಾದರೆ ಉಳಿದ 23 ಮಂದಿ ಯಾವ ರೀತಿಯಲ್ಲೂ ಸಮನಾಗಿ ನಿಲ್ಲರು. ಹೀಗೇಕೆ? ರಾಶಿಯನ್ನು ಮುಟ್ಟುವುದಕ್ಕೆ ಮೊದಲೇ ಅದು ಎಷ್ಟು ಬಗೆಯಲ್ಲಿ ಸಮನಾಗಿ ಒಡೆಯುತ್ತದೆಂದು ತಿಳಿಯುವ ಉಪಾಯವುಂಟೆ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಅದಕ್ಕೆ ನಮ್ಮದೇ ಒಂದು ತಪ್ಪನ್ನು ಪೀಠಿಕೆಯಾಗಿ ಹೇಳುವುದು ಉಚಿತವೆಂದು ತೋರುತ್ತದೆ.

ನಾವು ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ತರಗತಿಯೊಂದರಲ್ಲಿ 91 ಮಂದಿ ಇದ್ದರು: ವಿದ್ಯಾರ್ಥಿಗಳು 52, ವಿದ್ಯಾರ್ಥಿನಿಯರು 39. ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ಅವರನ್ನು ಸಮನಾದ ತಂಡಗಳಾಗಿ ವಿಂಗಡಿಸಬೇಕಾಗಿತ್ತು. ಹತ್ತರ ಲೆಕ್ಕ ಸುಲಭವೆಂದು ನಾವು ಹತ್ತು ಹತ್ತು ಮಂದಿಯ ಒಂಬತ್ತು ತಂಡಗಳನ್ನು ಮಾಡಿದೆವು. ಹೆಸರು ಕೂಗಿದ ಹಾಗೆ ಒಂದೊಂದು ತಂಡವೂ ಒಂದೊಂದು ಮೇಜಿನ ಸುತ್ತ ಸೇರಿತು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಉಳಿದಳು. “ಯಾವುದಾದರೊಂದು ತಂಡಕ್ಕೆ ಸೇರಿಕೊಳ್ಳಮ್ಮ” ಎಂದೆವು. ಎಲ್ಲ ಮೇಜುಗಳೂ ಭರ್ತಿಯಾಗಿದ್ದವು. ಎಲ್ಲಿಗೆ ಹೋಗಬೇಕೆಂದು ತೋರದೆ ಆಕೆ ಬಾಗಿಲ ಬಳಿಯೇ ನಿಂತಳು. “91 ಸಮನಾಗಿ ಒಡೆಯುವ ಸಂಖ್ಯೆಯಲ್ಲ, ಏನು ಮಾಡುವುದು?” ಎಂದು ನಾವು ಸಮಾಧಾನ ಹೇಳುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ದನಿ ಕೇಳಿಸಿತು: “ಸರ್, ಹದಿಮೂರೇಳ್ಲೆ ತೊಂಬತ್ತೊಂದು ಅಲ್ಲವೆ?”

ಹೌದು. ಪ್ರಾಥಮಿಕ ಶಾಲೆಯ ಮಗ್ಗಿಯಲ್ಲಿ ಇರುವ ಸಂಗತಿಯನ್ನು ಸ್ನಾತಕೋತ್ತರ ಪದವಿ ಪಡೆದ ಉಪನ್ಯಾಸಕರು ಮರೆತಿದ್ದೆವು. ಏಳು ಏಳು ಮಂದಿಯ ಹದಿಮೂರು ತಂಡಗಳನ್ನು ಮಾಡಿದರೆ ಯಾರೂ ಹೊರಗುಳಿಯುತ್ತಿರಲಿಲ್ಲ. ಭಾಗಾಕಾರ ಮಾಡಿದ ಕಾಗದದ ಮೇಲೆ ಶೇಷವೆಂದರೆ ಮೂಲೆಯಲ್ಲಿ ಬರೆದಿಡುವ ಒಂದು ಅಂಕಿ. ತರಗತಿಯಲ್ಲಿ ಅದೇ ಶೇಷ ಬಾಗಿಲ ಬಳಿ ನಿಂತ ಒಬ್ಬ ಹುಡುಗಿ. ಅಂದಿನಿಂದ ಅಪವರ್ತನಗಳ ವಿಷಯವನ್ನು ನಾವು ಹೆಚ್ಚು ಗೌರವದಿಂದ ಕಾಣುತ್ತ ಬಂದಿದ್ದೇವೆ.

ಅಪವರ್ತನಗಳು ಜೊತೆಯಾಗಿ ಬರುತ್ತವೆ

ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸುವ ಸಂಖ್ಯೆಗೆ ಅದರ ಅಪವರ್ತನವೆಂದು ಹೆಸರು. ವಾಚಕರು 24 ಹುಣಸೆಯ ಬೀಜಗಳನ್ನು ಎದುರಿಗಿಟ್ಟುಕೊಂಡು, ಅವುಗಳನ್ನು ಆಯತಾಕಾರದಲ್ಲಿ ಜೋಡಿಸಲಿ. 1 ಸಾಲಿನಲ್ಲಿ 24, 2 ಸಾಲುಗಳಲ್ಲಿ 12ರಂತೆ, 3 ಸಾಲುಗಳಲ್ಲಿ 8ರಂತೆ, 4 ಸಾಲುಗಳಲ್ಲಿ 6ರಂತೆ ಅವು ನಿಲ್ಲುತ್ತವೆ. ಪ್ರತಿಯೊಂದು ಆಯತದ ಉದ್ದ ಅಗಲಗಳೆರಡೂ 24ರ ಅಪವರ್ತನಗಳೇ. ಆದುದರಿಂದ ಅಪವರ್ತನಗಳು ಒಂಟಿಯಾಗಿ ಬರುವುದಿಲ್ಲ. 1 ಮತ್ತು 24, 2 ಮತ್ತು 12, 3 ಮತ್ತು 8, 4 ಮತ್ತು 6 ಹೀಗೆ ಜೊತೆಯಾಗಿ ಬರುತ್ತವೆ. 5 ಸಾಲುಗಳನ್ನು ಮಾಡಲು ಹೊರಟರೆ ನಾಲ್ಕು ಬೀಜಗಳು ಕೈಯಲ್ಲಿಯೇ ಉಳಿಯುತ್ತವೆ. 5 ಎಂಬುದು 24ರ ಅಪವರ್ತನವಲ್ಲ.

ಪ್ರತಿಯೊಂದು ಜೊತೆಯಿಂದಲೂ ನಮಗೆ ಎರಡು ಹಂಚಿಕೆಗಳು ದೊರೆಯುತ್ತವೆಂಬುದನ್ನು ಗಮನಿಸಬೇಕು. 3 ಮತ್ತು 8 ಎಂಬ ಜೊತೆಯು ಎಂಟೆಂಟು ಮಂದಿಯ ಮೂರು ಗುಂಪುಗಳನ್ನೂ ಸೂಚಿಸುತ್ತದೆ, ಮೂರು ಮೂರು ಮಂದಿಯ ಎಂಟು ಗುಂಪುಗಳನ್ನೂ ಸೂಚಿಸುತ್ತದೆ. ಬೀಜಗಳ ಆಯತವನ್ನು ನೀವು ಇತ್ತ ಕುಳಿತು ನೋಡಿದರೆ ಒಂದು, ಪಕ್ಕಕ್ಕೆ ಹೋಗಿ ನೋಡಿದರೆ ಇನ್ನೊಂದು. ಗುಣಲಬ್ಧ ಒಂದೇ, ಆದರೆ ವ್ಯವಹಾರದಲ್ಲಿ ಇವೆರಡೂ ಬೇರೆ ಬೇರೆ. ಉಪಕರಣಗಳು ಎಂಟು ಇದ್ದಾಗ ಮೂರು ಗುಂಪು ಮಾಡುವುದೂ, ಮೂರೇ ಇದ್ದಾಗ ಎಂಟು ಗುಂಪು ಮಾಡುವುದೂ ಅವಿವೇಕವಾಗುತ್ತದೆ.

ಈಗ 23 ಬೀಜಗಳನ್ನು ತೆಗೆದುಕೊಳ್ಳೋಣ. ಎಷ್ಟು ಶ್ರಮಿಸಿದರೂ ಒಂದೇ ಸಾಲಿನ ಹೊರತು ಬೇರೆ ಆಯತ ಆಗುವುದಿಲ್ಲ. 1 ಮತ್ತು ತಾನೇ, ಇವೆರಡಲ್ಲದೆ ಬೇರೆ ಅಪವರ್ತನಗಳಿಲ್ಲದ 2, 3, 5, 7, 11, 13, 17, 19, 23 ಮೊದಲಾದ ಸಂಖ್ಯೆಗಳಿಗೆ ಅವಿಭಾಜ್ಯ ಸಂಖ್ಯೆಗಳೆಂದು ಹೆಸರು. 1 ಎಂಬುದನ್ನು ಅವಿಭಾಜ್ಯವೆಂದು ಎಣಿಸುವ ರೂಢಿಯಿಲ್ಲ.

ಎಲ್ಲಿಯವರೆಗೆ ಹುಡುಕಬೇಕು?

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಪರೀಕ್ಷಿಸಲು ಅದಕ್ಕಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕೆ? ಬೇಡ. ಅಪವರ್ತನಗಳು ಜೊತೆಯಾಗಿ ಬರುವುದರಿಂದ ನಮ್ಮ ಕೆಲಸ ಬಹಳ ಕಡಮೆಯಾಗುತ್ತದೆ. 91ರ ವರ್ಗಮೂಲವು 9 ಮತ್ತು 10ರ ನಡುವೆ ಇದೆ. ಒಂದು ಜೊತೆಯ ಎರಡು ಸಂಖ್ಯೆಗಳೂ 10 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅವುಗಳ ಗುಣಲಬ್ಧ 100ಕ್ಕೆ ಕಡಮೆಯಾಗಲಾರದು. ಆದುದರಿಂದ 91ರ ಯಾವ ಜೊತೆಯಲ್ಲಿಯಾದರೂ ಒಂದು ಸಂಖ್ಯೆ 9 ಅಥವಾ ಅದಕ್ಕಿಂತ ಕಡಮೆ ಇರಲೇಬೇಕು. ಅದನ್ನು ಹುಡುಕಿದರೆ ಸಾಕು, ಅದರ ಜೊತೆಗಾರ ತಾನಾಗಿಯೇ ದೊರೆಯುತ್ತದೆ. ಅಲ್ಲಿಯೂ ಅವಿಭಾಜ್ಯಗಳನ್ನು ಮಾತ್ರ ಪ್ರಯತ್ನಿಸಿದರೆ ಸಾಕು. 2ರಿಂದ ಭಾಗವಾಗದ ಸಂಖ್ಯೆ 4ರಿಂದಾಗಲಿ 6ರಿಂದಾಗಲಿ ಭಾಗವಾಗುವುದು ಅಸಾಧ್ಯವಷ್ಟೆ.

ಹೀಗಾಗಿ 91ನ್ನು ಪರೀಕ್ಷಿಸಲು 2, 3, 5, 7 ಈ ನಾಲ್ಕೇ ಭಾಗಾಕಾರಗಳು ಸಾಕು. 91 ಬೆಸಸಂಖ್ಯೆಯಾದುದರಿಂದ 2 ಹೋಗುವುದಿಲ್ಲ. ಅಂಕಿಗಳ ಮೊತ್ತ 10. ಅದು 3ರಿಂದ ಭಾಗವಾಗದ ಕಾರಣ 91 ಕೂಡ ಭಾಗವಾಗದು. ಕೊನೆಯ ಅಂಕಿ 0 ಅಥವಾ 5 ಅಲ್ಲ. ಆದುದರಿಂದ 5 ಇಲ್ಲ. ಉಳಿದುದು 7, ಅದು ಹೋಗುತ್ತದೆ, ಭಾಗಲಬ್ಧ 13. ಅರ್ಧ ನಿಮಿಷದ ಕೆಲಸ. ಆ ದಿನ ನಾವು ಆ ಅರ್ಧ ನಿಮಿಷವನ್ನು ಉಳಿಸಲು ಹೋಗಿ ತಪ್ಪಿಗೆ ಸಿಕ್ಕಿಕೊಂಡೆವು.

ಸಂಖ್ಯೆಯ ಒಳರಚನೆ

ಪದಾರ್ಥಗಳೆಲ್ಲವೂ ಕೆಲವೇ ಮೂಲವಸ್ತುಗಳ ಪರಮಾಣುಗಳಿಂದ ಆಗಿರುವಂತೆ, 1ಕ್ಕಿಂತ ಹೆಚ್ಚಾದ ಪ್ರತಿಯೊಂದು ಪೂರ್ಣಸಂಖ್ಯೆಯೂ ಅವಿಭಾಜ್ಯಗಳ ಗುಣಾಕಾರದಿಂದ ಆಗಿದೆ; ಅವಿಭಾಜ್ಯವಾದರೆ ತಾನೊಂದರಿಂದಲೇ ಆಗಿದೆ. 90ನ್ನು 9 × 10 ಎಂದು ಒಡೆದು ಮುಂದುವರಿಸಿದರೂ, 6 × 15 ಎಂದು ಒಡೆದು ಮುಂದುವರಿಸಿದರೂ ಕೊನೆಗೆ ಕೈಗೆ ಬರುವುದು 2 × 3 × 3 × 5 ಮಾತ್ರ. ಯಾವ ದಾರಿಯಿಂದ ಹೋದರೂ ತಲುಪುವ ಊರು ಒಂದೇ. ಈ ಸಂಗತಿಯು ಅಂಕಗಣಿತದ ತಳಹದಿಯಾಗಿದೆ.

ಇದರಿಂದ ನಮಗೆ ದೊರೆಯುವ ಲಾಭವೇನು? 90ರ ಯಾವ ಅಪವರ್ತನವನ್ನಾದರೂ ಈ ನಾಲ್ಕು ಇಟ್ಟಿಗೆಗಳಿಂದಲೇ ಕಟ್ಟಬೇಕು. 2ನ್ನು ತೆಗೆದುಕೊಳ್ಳಬಹುದು ಅಥವಾ ಬಿಡಬಹುದು: ಎರಡು ಆಯ್ಕೆಗಳು. 3ನ್ನು ಬಿಡಬಹುದು, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದು: ಮೂರು ಆಯ್ಕೆಗಳು. 5ಕ್ಕೆ ಮತ್ತೆ ಎರಡು. ಒಟ್ಟು 2 × 3 × 2 = 12 ಅಪವರ್ತನಗಳು. ಅವು ಯಾವುವೆಂದರೆ: 1, 2, 3, 5, 6, 9, 10, 15, 18, 30, 45, 90. ನಿಯಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆದು, ಪ್ರತಿಯೊಂದು ಅವಿಭಾಜ್ಯವೂ ಎಷ್ಟು ಸಲ ಬರುತ್ತದೆಂದು ಎಣಿಸಿ, ಆ ಎಣಿಕೆಗಳಿಗೆ ಒಂದೊಂದನ್ನು ಕೂಡಿಸಿ, ಬಂದವುಗಳನ್ನು ಗುಣಿಸಬೇಕು.

ಈ ದೃಷ್ಟಿಯಿಂದ ನೆರೆಹೊರೆಯ ಮೂರು ಸಂಖ್ಯೆಗಳನ್ನು ಹೋಲಿಸಿದರೆ ಒಂದು ಸ್ವಾರಸ್ಯವು ಕಾಣುತ್ತದೆ. 89ಕ್ಕೆ ಎರಡೇ ಅಪವರ್ತನಗಳು; ಅದು ಅವಿಭಾಜ್ಯ. 90ಕ್ಕೆ ಹನ್ನೆರಡು. 91ಕ್ಕೆ 1, 7, 13, 91 ಎಂಬ ನಾಲ್ಕು. ಗಾತ್ರದಲ್ಲಿ ಒಂದೊಂದೇ ವ್ಯತ್ಯಾಸವಾದರೂ ಸ್ವಭಾವದಲ್ಲಿ ಇವು ಎಷ್ಟು ಬೇರೆ! ರಾಶಿಯು ದೊಡ್ಡದಾದಷ್ಟೂ ಹಂಚಲು ಅನುಕೂಲವೆಂಬ ಭಾವನೆ ತಪ್ಪು. ಹಂಚಿಕೆಯನ್ನು ನಿರ್ಧರಿಸುವುದು ರಾಶಿಯ ಗಾತ್ರವಲ್ಲ, ಅದರ ಸಂಖ್ಯೆಯ ಒಳರಚನೆ.

ಉದಾರವಾದ ಸಂಖ್ಯೆಗಳು

ಹಂಚಿಕೆಗೆ ಸುಲಭವಾಗಿ ಒಗ್ಗುವ ಸಂಖ್ಯೆಗಳ ಬೆಲೆಯನ್ನು ಪ್ರಾಚೀನರು ಅರಿತಿದ್ದರು. ಬ್ಯಾಬಿಲೋನಿಯದವರು 60ನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ನಮ್ಮ ಗಂಟೆಯ 60 ನಿಮಿಷಗಳೂ ನಿಮಿಷದ 60 ಸೆಕೆಂಡುಗಳೂ ಆ ಪದ್ಧತಿಯಿಂದ ಬಂದವು. 1ರಿಂದ 6ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆ 60. ಗಂಟೆಯಲ್ಲಿ ಅರ್ಧ, ಮೂರನೆಯ ಒಂದು, ಕಾಲು, ಐದನೆಯ ಒಂದು, ಆರನೆಯ ಒಂದು ಎಲ್ಲವೂ ಪೂರ್ಣ ನಿಮಿಷಗಳಲ್ಲಿಯೇ ದೊರೆಯುತ್ತವೆ.

ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಕ್ರಿ. ಪೂ. 4ನೆಯ ಶತಮಾನದಲ್ಲಿ ಇನ್ನೂ ಮುಂದೆ ಹೋದನು. ‘ಲಾಸ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾಗಿರುವ ತನ್ನ ಗ್ರಂಥದಲ್ಲಿ ಅವನು ಕಲ್ಪಿಸಿದ ನಗರದಲ್ಲಿ ಸರಿಯಾಗಿ 5040 ಕುಟುಂಬಗಳಿರಬೇಕು. ಏಕೆಂದರೆ 5040ನ್ನು 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳೂ ಭಾಗಿಸುತ್ತವೆ. ಭೂಮಿಯ ಹಂಚಿಕೆಗಾಗಲಿ, ಕಂದಾಯಕ್ಕಾಗಲಿ, ಯುದ್ಧಕ್ಕೆ ಪಡೆ ಕಟ್ಟುವುದಕ್ಕಾಗಲಿ ಜನರನ್ನು ಸಮನಾಗಿ ವಿಂಗಡಿಸಲು ತೊಡಕಿಲ್ಲ. ನಮ್ಮ ನಿಯಮವನ್ನೇ ಬಳಸಿ ನೋಡೋಣ: 5040ರಲ್ಲಿ 2 ನಾಲ್ಕು ಸಲ, 3 ಎರಡು ಸಲ, 5 ಮತ್ತು 7 ಒಂದೊಂದು ಸಲ ಬರುತ್ತವೆ. ಅಪವರ್ತನಗಳು 5 × 3 × 2 × 2 = 60. ಪ್ಲೇಟೋ 59 ಎಂದು ಹೇಳುತ್ತಾನೆ. 5040ನ್ನೇ ಅವನು ಲೆಕ್ಕಕ್ಕೆ ಹಿಡಿದಿಲ್ಲ. 12ರವರೆಗಿನ ಸಂಖ್ಯೆಗಳಲ್ಲಿ 11 ಒಂದು ಮಾತ್ರ 5040ನ್ನು ಭಾಗಿಸದು; ಎರಡು ಕುಟುಂಬಗಳನ್ನು ಬಿಟ್ಟರೆ ಅದೂ ಸರಿಹೋಗುತ್ತದೆಂದು ಅವನು ಸೂಚಿಸುತ್ತಾನೆ. 5038 ನಿಜವಾಗಿಯೂ 11 × 458. ಲೆಕ್ಕವೇನೋ ಸರಿ, ಆದರೆ ಬಿಟ್ಟುಹೋದ ಆ ಎರಡು ಕುಟುಂಬಗಳ ಮಾತನ್ನು ಯೋಚಿಸುವಾಗ ನಮಗೆ ಬಾಗಿಲ ಬಳಿ ನಿಂತ ವಿದ್ಯಾರ್ಥಿನಿಯ ನೆನಪಾಗದಿರದು.

ನಮ್ಮ ದೇಶದ ನಾಣ್ಯಪದ್ಧತಿಯೂ ಈ ವಿಷಯಕ್ಕೆ ಒಳ್ಳೆಯ ನಿದರ್ಶನ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆಗಳು, ಆಣೆಗೆ 12 ಪೈಗಳು. ಎಂದರೆ ರೂಪಾಯಿಗೆ 192 ಪೈಗಳು. ಅಂದಿನಿಂದ ರೂಪಾಯಿಗೆ 100 ಪೈಸೆಗಳಾದುವು. ಒಂದು ರೂಪಾಯಿಯನ್ನು ಮೂವರಿಗೆ ಹಂಚಬೇಕಾದರೆ ಹಳೆಯ ಲೆಕ್ಕದಲ್ಲಿ ತಲೆಗೆ 64 ಪೈ, ಎಂದರೆ 5 ಆಣೆ 4 ಪೈ ಬರುತ್ತಿತ್ತು. ಒಂದು ಪೈ ಕೂಡ ಉಳಿಯುತ್ತಿರಲಿಲ್ಲ. ಹೊಸ ಲೆಕ್ಕದಲ್ಲಿ ತಲೆಗೆ 33 ಪೈಸೆ ಬಂದು ಒಂದು ಪೈಸೆ ಉಳಿಯುತ್ತದೆ. ಕಾರಣ ಸ್ಪಷ್ಟವಾಗಿದೆ. 192ರಲ್ಲಿ 2 ಆರು ಸಲ, 3 ಒಂದು ಸಲ ಇದೆ, ಅಪವರ್ತನಗಳು 14. 100ರಲ್ಲಿ 2 ಎರಡು ಸಲ, 5 ಎರಡು ಸಲ ಇವೆ, ಅಪವರ್ತನಗಳು 9. ಆದರೆ ಐವರು ಪಾಲುಗಾರರಿದ್ದರೆ ಹಳೆಯ ರೂಪಾಯಿ ಸೋಲುತ್ತದೆ, ಹೊಸದು ಗೆಲ್ಲುತ್ತದೆ. ದಶಮಾನ ಪದ್ಧತಿಯಿಂದ ಬರವಣಿಗೆಯ ಲೆಕ್ಕ ಎಷ್ಟೋ ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಒಂದನ್ನು ಪಡೆಯುವಾಗ ಇನ್ನೊಂದನ್ನು ಕೊಟ್ಟೆವೆಂಬುದನ್ನು ಮಾತ್ರ ಮರೆಯಬಾರದು. ‘ಹದಿನಾರಾಣೆ ಸತ್ಯ’ ಎಂಬ ಮಾತು ಇಂದಿಗೂ ನಮ್ಮ ನಾಲಿಗೆಯ ಮೇಲೆ ಉಳಿದಿದೆ.

ಎರಡು ರಾಶಿಗಳನ್ನು ಒಟ್ಟಿಗೆ ಹಂಚುವುದು

ಮತ್ತೆ ನಮ್ಮ ತರಗತಿಗೆ ಬರೋಣ. 91 ಮಂದಿಯನ್ನು 13 ತಂಡಗಳಾಗಿಯೂ ವಿಂಗಡಿಸಬಹುದು, 7 ತಂಡಗಳಾಗಿಯೂ ವಿಂಗಡಿಸಬಹುದು. ಯಾವುದು ಮೇಲು? ಪ್ರತಿ ತಂಡದಲ್ಲಿಯೂ ವಿದ್ಯಾರ್ಥಿಗಳ ಸಂಖ್ಯೆ ಒಂದೇ, ವಿದ್ಯಾರ್ಥಿನಿಯರ ಸಂಖ್ಯೆಯೂ ಒಂದೇ ಆಗಿರಬೇಕೆಂದು ಬಯಸಿದೆವೆನ್ನಿ. ಆಗ ತಂಡಗಳ ಸಂಖ್ಯೆಯು 52ಕ್ಕೂ 39ಕ್ಕೂ ಏಕಕಾಲದಲ್ಲಿ ಅಪವರ್ತನವಾಗಿರಬೇಕು. 52ರ ಅಪವರ್ತನಗಳು 1, 2, 4, 13, 26, 52. 39ರವು 1, 3, 13, 39. ಎರಡಕ್ಕೂ ಸಾಮಾನ್ಯವಾದುವು 1 ಮತ್ತು 13. ಇವುಗಳಲ್ಲಿ ದೊಡ್ಡದಾದ 13ಕ್ಕೆ ಮಹತ್ತಮ ಸಾಮಾನ್ಯ ಅಪವರ್ತನವೆಂದು ಹೆಸರು. ಆದುದರಿಂದ 13 ತಂಡಗಳು. ಒಂದೊಂದರಲ್ಲಿಯೂ 4 ವಿದ್ಯಾರ್ಥಿಗಳು, 3 ವಿದ್ಯಾರ್ಥಿನಿಯರು. 7 ತಂಡಗಳನ್ನು ಮಾಡಿದ್ದರೆ ಒಟ್ಟು ಸಂಖ್ಯೆ ಸಮನಾಗುತ್ತಿತ್ತು, ಆದರೆ ಈ ಹೊಂದಾಣಿಕೆ ಆಗುತ್ತಿರಲಿಲ್ಲ. ಒಟ್ಟು ರಾಶಿಯ ಅಪವರ್ತನವೆಲ್ಲವೂ ಅದರ ಭಾಗಗಳ ಅಪವರ್ತನವಾಗಿರಬೇಕಾಗಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಸಂಖ್ಯೆಗಳು ದೊಡ್ಡವಾದಾಗ ಎಲ್ಲ ಅಪವರ್ತನಗಳನ್ನೂ ಬರೆಯುವುದು ಬೇಸರದ ಕೆಲಸ. ಇದಕ್ಕೆ ಕ್ರಿ. ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ರೇಖಾಗಣಿತದ ಮಹಾಗ್ರಂಥದ ಏಳನೆಯ ಭಾಗದಲ್ಲಿ ಸೊಗಸಾದ ಉಪಾಯವೊಂದನ್ನು ಹೇಳಿದ್ದಾನೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಬಂದ ಶೇಷದಿಂದ ಆ ಚಿಕ್ಕದನ್ನು ಭಾಗಿಸಿ, ಹೀಗೆ ಶೇಷವು ಸೊನ್ನೆಯಾಗುವವರೆಗೂ ಮುಂದುವರಿಯಬೇಕು. ಕೊನೆಯ ಭಾಜಕವೇ ನಾವು ಬಯಸಿದ ಸಂಖ್ಯೆ. 52ನ್ನು 39ರಿಂದ ಭಾಗಿಸಿದರೆ ಶೇಷ 13. 39ನ್ನು 13ರಿಂದ ಭಾಗಿಸಿದರೆ ಶೇಷ ಸೊನ್ನೆ. ಎರಡೇ ಹೆಜ್ಜೆಗಳಲ್ಲಿ 13 ದೊರೆಯಿತು. ಇದರ ರಹಸ್ಯವೂ ಸರಳವಾದುದೇ: ಎರಡು ಸಂಖ್ಯೆಗಳನ್ನು ಭಾಗಿಸುವ ಯಾವುದೇ ಸಂಖ್ಯೆಯು ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತದೆ. ಆದುದರಿಂದ ದೊಡ್ಡ ಸಂಖ್ಯೆಗಳನ್ನು ಬಿಟ್ಟು ಚಿಕ್ಕ ಶೇಷಗಳನ್ನು ಹಿಡಿದರೂ ಸಾಮಾನ್ಯ ಅಪವರ್ತನ ಕೈತಪ್ಪಿ ಹೋಗುವುದಿಲ್ಲ.

ಮಹಾವೀರಾಚಾರ್ಯನ ಬಾಳೆಹಣ್ಣುಗಳು

ಹೀಗೆ ಒಂದರಿಂದೊಂದನ್ನು ಭಾಗಿಸುತ್ತ ಹೋಗುವ ಕ್ರಮ ನಮ್ಮ ದೇಶಕ್ಕೂ ಹೊಸದಲ್ಲ. ಕ್ರಿ. ಶ. 499ರಲ್ಲಿ ಆರ್ಯಭಟನು ಕೊಟ್ಟ, ಮುಂದೆ ಕುಟ್ಟಕವೆಂದು ಹೆಸರಾದ ವಿಧಾನದಲ್ಲಿ ಅದೇ ಪರಸ್ಪರ ಭಾಗಾಕಾರವಿದೆ. ಕುಟ್ಟಿ ಕುಟ್ಟಿ ಪುಡಿಮಾಡಿದಂತೆ ಸಂಖ್ಯೆಗಳನ್ನು ಚಿಕ್ಕವಾಗಿಸುತ್ತ ಹೋಗುವುದರಿಂದ ಅದಕ್ಕೆ ಆ ಹೆಸರು. ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳಗಿಸಿದವನು ಮಹಾವೀರಾಚಾರ್ಯ. ಕ್ರಿ. ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅವನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಆ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಮಸ್ಯೆಯಿದೆ. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ 63 ಸಮನಾದ ರಾಶಿಗಳಿವೆ. ಜೊತೆಗೆ ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ 23 ಮಂದಿ ದಾರಿಹೋಕರು ಸಮನಾಗಿ ಹಂಚಿಕೊಂಡರು, ಏನೂ ಉಳಿಯಲಿಲ್ಲ. ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದುವು?

ಗ್ರಂಥಕರ್ತನು ಇಂಥ ಲೆಕ್ಕಗಳನ್ನು ಕುಟ್ಟಕದ ಕ್ರಮದಿಂದ ಬಿಡಿಸುತ್ತಾನೆ. ನಾವು ಅಪವರ್ತನಗಳ ದಾರಿಯನ್ನು ಹಿಡಿದು ನೋಡೋಣ. ರಾಶಿಯಲ್ಲಿ ‘ಕ’ ಹಣ್ಣುಗಳಿವೆಯೆಂದರೆ ಒಟ್ಟು ಹಣ್ಣುಗಳು 63ಕ + 7. ಇದನ್ನು 7 × (9ಕ + 1) ಎಂದು ಬರೆಯಬಹುದು. ಈ ಗುಣಲಬ್ಧವನ್ನು 23 ಭಾಗಿಸಬೇಕು. ಇಲ್ಲಿ ಅವಿಭಾಜ್ಯಗಳ ಒಂದು ಅಮೂಲ್ಯ ಗುಣವು ನೆರವಿಗೆ ಬರುತ್ತದೆ: ಒಂದು ಅವಿಭಾಜ್ಯವು ಎರಡು ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಿದರೆ, ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು. ಅವಿಭಾಜ್ಯವಲ್ಲದ ಸಂಖ್ಯೆಗಳಿಗೆ ಈ ಮಾತು ಸಲ್ಲುವುದಿಲ್ಲ. 6 ಎಂಬುದು 4 × 9ನ್ನು ಭಾಗಿಸುತ್ತದೆ. ಆದರೆ 4ನ್ನೂ ಭಾಗಿಸದು, 9ನ್ನೂ ಭಾಗಿಸದು. 23 ಅವಿಭಾಜ್ಯ, ಅದು 7ನ್ನು ಭಾಗಿಸದು, ಆದುದರಿಂದ 9ಕ + 1ನ್ನು ಭಾಗಿಸಲೇಬೇಕು. ‘ಕ’ದ ಬೆಲೆಯನ್ನು 1, 2, 3, 4, 5 ಎಂದು ಕ್ರಮವಾಗಿ ತೆಗೆದುಕೊಂಡರೆ 9ಕ + 1ರ ಬೆಲೆ 10, 19, 28, 37, 46 ಆಗುತ್ತದೆ. 46 = 2 × 23. ಎಂದರೆ ರಾಶಿಗೆ 5 ಹಣ್ಣುಗಳು, ಒಟ್ಟು 322, ತಲೆಗೆ 14. ಇದು ಅತ್ಯಂತ ಚಿಕ್ಕ ಉತ್ತರ. ಇದಕ್ಕೆ 23ನ್ನು ಕೂಡಿಸುತ್ತ ಹೋದರೆ 28, 51 ಮೊದಲಾದ ಬೇರೆ ಉತ್ತರಗಳೂ ದೊರೆಯುತ್ತವೆ. ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನಾಡಿನ ವಿದ್ಯಾರ್ಥಿಗಳು ಇಂಥ ಲೆಕ್ಕಗಳನ್ನು ಅಭ್ಯಾಸ ಮಾಡುತ್ತಿದ್ದರೆಂಬುದು ನಾವು ನೆನೆಯಬೇಕಾದ ಸಂಗತಿ.

ಜಿಪುಣ ಸಂಖ್ಯೆಗಳ ಉಪಯೋಗ

ಇದುವರೆಗೆ ಹೆಚ್ಚು ಅಪವರ್ತನಗಳುಳ್ಳ ಸಂಖ್ಯೆಗಳನ್ನು ಹೊಗಳಿದೆವು. ಅಪವರ್ತನಗಳು ಕಡಮೆ ಇರುವುದರಿಂದಲೂ ಪ್ರಯೋಜನವುಂಟು. 1974ರ ನವೆಂಬರ್ 16ರಂದು ಪೋರ್ಟೊ ರಿಕೊ ದ್ವೀಪದ ಅರೆಸಿಬೊ ಎಂಬಲ್ಲಿದ್ದ 305 ಮೀಟರ್ ವ್ಯಾಸದ ರೇಡಿಯೊ ದೂರದರ್ಶಕದಿಂದ ಆಕಾಶಕ್ಕೆ ಒಂದು ಸಂದೇಶವನ್ನು ಕಳುಹಿಸಲಾಯಿತು. ಅದರ ಗುರಿ ಇಪ್ಪತ್ತು ಸಾವಿರ ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿರುವ ಎಂ 13 ಎಂಬ ನಕ್ಷತ್ರಗುಚ್ಛ. ಸಂದೇಶದಲ್ಲಿದ್ದುದು ಎರಡೇ ಬಗೆಯ 1679 ಸಂಕೇತಗಳ ಒಂದು ಸರಣಿ. ಒಂದು ಬಗೆಗೆ ಕಪ್ಪು ಮನೆ, ಇನ್ನೊಂದಕ್ಕೆ ಬಿಳಿ ಮನೆ ಎಂದಿಟ್ಟುಕೊಂಡರೆ ಈ ಸರಣಿಯು ಒಂದು ಚಿತ್ರವಾಗುತ್ತದೆ. ಆದರೆ ಒಂದು ಸಾಲಿಗೆ ಎಷ್ಟು ಮನೆಗಳೆಂಬುದು ನಮ್ಮ ಭಾಷೆಯನ್ನರಿಯದ ದೂರದವರಿಗೆ ತಿಳಿಯುವುದು ಹೇಗೆ?

1679ನ್ನು ಪರೀಕ್ಷಿಸೋಣ. 41ರ ವರ್ಗ 1681. ಆದುದರಿಂದ 40ರ ಒಳಗಿನ ಅವಿಭಾಜ್ಯಗಳನ್ನು ಪ್ರಯತ್ನಿಸಿದರೆ ಸಾಕು. 2, 3, 5, 7, 11, 13, 17, 19 ಯಾವುವೂ ಹೋಗುವುದಿಲ್ಲ; 23 ಹೋಗುತ್ತದೆ, ಭಾಗಲಬ್ಧ 73. 23 ಮತ್ತು 73 ಎರಡೂ ಅವಿಭಾಜ್ಯಗಳು. ಆದುದರಿಂದ ಈ ಸಂಕೇತಗಳನ್ನು ಆಯತವಾಗಿ ಜೋಡಿಸಲು ಎರಡೇ ದಾರಿಗಳಿವೆ: ಸಾಲಿಗೆ 73ರಂತೆ 23 ಸಾಲುಗಳು, ಅಥವಾ ಸಾಲಿಗೆ 23ರಂತೆ 73 ಸಾಲುಗಳು. ಮೊದಲನೆಯದರಲ್ಲಿ ಅರ್ಥವಿಲ್ಲದ ಚುಕ್ಕೆಗಳು ಕಾಣುತ್ತವೆ. ಎರಡನೆಯದರಲ್ಲಿ ಸಂಖ್ಯೆಗಳು, ಮನುಷ್ಯನ ಆಕಾರ, ಸೌರವ್ಯೂಹ, ದೂರದರ್ಶಕ ಇವುಗಳ ಚಿತ್ರ ಮೂಡುತ್ತದೆ. ಒಂದು ಸಂಕೇತ ಹೆಚ್ಚಾಗಿ 1680 ಆಗಿದ್ದರೆ ಅಪವರ್ತನಗಳು 40 ಆಗುತ್ತಿದ್ದುವು. ಓದುವವನು ಅಷ್ಟೂ ಜೋಡಣೆಗಳಲ್ಲಿ ತೊಳಲಬೇಕಾಗುತ್ತಿತ್ತು. ಆ ದೂರದರ್ಶಕವು 2020ರ ಡಿಸೆಂಬರ್ 1ರಂದು ಕುಸಿದುಬಿದ್ದಿತು. ಸಂದೇಶವು ಇನ್ನೂ ಪ್ರಯಾಣದಲ್ಲಿದೆ.

ಅಪವರ್ತನಗಳನ್ನು ಹುಡುಕುವುದು ಕಷ್ಟವೆಂಬುದೂ ಉಪಯೋಗಕ್ಕೆ ಬಂದಿದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಗಣಕಯಂತ್ರಕ್ಕೆ ಕ್ಷಣಮಾತ್ರದ ಕೆಲಸ. ಗುಣಲಬ್ಧವನ್ನು ಮಾತ್ರ ಕೊಟ್ಟು ಆ ಎರಡನ್ನು ಹುಡುಕೆಂದರೆ ಅದು ತಡವರಿಸುತ್ತದೆ. ಇದನ್ನು ಆಧಾರವಾಗಿಟ್ಟುಕೊಂಡು ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು 1977ರಲ್ಲಿ ಗುಪ್ತಲಿಪಿಯ ಒಂದು ವಿಧಾನವನ್ನು ರೂಪಿಸಿದರು. 2020ರಲ್ಲಿ 250 ಅಂಕಿಗಳ ಇಂಥದೊಂದು ಸಂಖ್ಯೆಯನ್ನು ಒಡೆದಾಗ ಆದ ಗಣನೆಯು, ಒಂದೇ ಸಂಸ್ಕಾರಕ ಘಟಕವು ಸುಮಾರು 2700 ವರ್ಷ ದುಡಿದಷ್ಟಕ್ಕೆ ಸಮನಾಗಿತ್ತು. ರಹಸ್ಯವನ್ನು ಕಾಯಲು ಬಳಸುವ ಸಂಖ್ಯೆಗಳಲ್ಲಿ ಆರುನೂರಕ್ಕೂ ಮಿಕ್ಕಿ ಅಂಕಿಗಳಿರುತ್ತವೆ. 91ರ ಮುಂದೆ ನಾವು ಎಡವಿದಂತೆ ಆ ಸಂಖ್ಯೆಗಳ ಮುಂದೆ ಯಂತ್ರಗಳೂ ಎಡವುತ್ತವೆ; ವ್ಯತ್ಯಾಸವೆಂದರೆ ಅವುಗಳಿಗೆ ಅವಸರದ ನೆಪವಿಲ್ಲ.

ಹೀಗೆ ಒಂದು ರಾಶಿಯನ್ನು ಸಮನಾಗಿ ಹಂಚುವ ಬಗೆಗಳೆಲ್ಲವೂ ಅದರ ಸಂಖ್ಯೆಯಲ್ಲಿಯೇ ಅಡಗಿವೆ. ಅವಿಭಾಜ್ಯಗಳಾಗಿ ಒಡೆದು ನೋಡಿದರೆ ಅವು ಹೊರಗೆ ಬರುತ್ತವೆ. ಕೆಲವು ಸಂಖ್ಯೆಗಳು ನಿಜವಾಗಿಯೂ ಒಡೆಯಲಾರವು. 89 ಮಂದಿಯ ತರಗತಿ ನಮಗೆ ದೊರೆತರೆ ಒಂದು ತಂಡದಲ್ಲಿ ಒಬ್ಬರು ಹೆಚ್ಚೋ ಕಡಮೆಯೋ ಇರುವುದನ್ನು ಮೊದಲೇ ಯೋಚಿಸಿ ಸ್ಥಳ ಕಲ್ಪಿಸಬೇಕಾಗುತ್ತದೆ. ಆದರೆ ಒಡೆಯುವ ಸಂಖ್ಯೆಯನ್ನು ಒಡೆಯದೆಂದು ತಿಳಿದು ಒಬ್ಬರನ್ನು ಹೊರಗೆ ನಿಲ್ಲಿಸುವುದು ಸಂಖ್ಯೆಯ ದೋಷವಲ್ಲ, ಲೆಕ್ಕ ಮಾಡಿದವರ ದೋಷ. ಆ ದಿನ ತಂಡಗಳನ್ನು ಕಲಸಿ ಮತ್ತೆ ಏಳೇಳು ಮಂದಿಯ ಹದಿಮೂರು ತಂಡಗಳನ್ನು ಮಾಡಿದೆವು. ಬಾಗಿಲ ಬಳಿ ನಿಂತಿದ್ದ ವಿದ್ಯಾರ್ಥಿನಿಯ ಹೆಸರನ್ನು ಮೊದಲನೆಯ ತಂಡದಲ್ಲಿ ಮೊದಲು ಕೂಗಿದೆವು.

ಅಭ್ಯಾಸ

1. 143 ಪುಸ್ತಕಗಳನ್ನು ಸಮನಾದ ಕಟ್ಟುಗಳಾಗಿ ಕಟ್ಟಬೇಕು. ಒಂದೇ ಕಟ್ಟು ಮಾಡಬಾರದು. ಒಂದೊಂದೇ ಪುಸ್ತಕವನ್ನು ಕಟ್ಟುವುದೂ ಕೂಡದು. ಎಷ್ಟು ದಾರಿಗಳಿವೆ?

2. 84 ಕೆಂಪು ಹೂಗಳೂ 60 ಬಿಳಿ ಹೂಗಳೂ ಇವೆ. ಒಂದೂ ಉಳಿಯದಂತೆ, ಎಲ್ಲ ಮಾಲೆಗಳೂ ಒಂದೇ ತೆರನಾಗಿರುವಂತೆ ಹೆಚ್ಚೆಂದರೆ ಎಷ್ಟು ಮಾಲೆಗಳನ್ನು ಕಟ್ಟಬಹುದು?

3. 391 ಮತ್ತು 437ರ ಮಹತ್ತಮ ಸಾಮಾನ್ಯ ಅಪವರ್ತನವನ್ನು ಯೂಕ್ಲಿಡನ ಕ್ರಮದಿಂದ ಕಂಡುಹಿಡಿಯಿರಿ.

4. 2021 ಸಂಕೇತಗಳ ಸಂದೇಶವೊಂದನ್ನು ಆಯತಾಕಾರದಲ್ಲಿ ಜೋಡಿಸಬೇಕು. ಒಂದೇ ಸಾಲನ್ನು ಬಿಟ್ಟರೆ ಯಾವ ಜೋಡಣೆಗಳು ಸಾಧ್ಯ?

5. ಮಾವಿನಹಣ್ಣಿನ 35 ಸಮನಾದ ರಾಶಿಗಳನ್ನೂ ಬಿಡಿಯಾದ 5 ಹಣ್ಣುಗಳನ್ನೂ 13 ಮಂದಿ ಶೇಷವಿಲ್ಲದಂತೆ ಹಂಚಿಕೊಂಡರು. ರಾಶಿಯಲ್ಲಿ ಕಡಮೆಯೆಂದರೆ ಎಷ್ಟು ಹಣ್ಣುಗಳಿದ್ದುವು?

ಉತ್ತರಗಳು: (1) ಎರಡು, 11ರಂತೆ 13 ಕಟ್ಟುಗಳು, 13ರಂತೆ 11 ಕಟ್ಟುಗಳು. (2) 12 ಮಾಲೆಗಳು. ಒಂದೊಂದರಲ್ಲಿ 7 ಕೆಂಪು, 5 ಬಿಳಿ. (3) 23. (4) 43 ಸಾಲುಗಳಲ್ಲಿ 47ರಂತೆ, 47 ಸಾಲುಗಳಲ್ಲಿ 43ರಂತೆ. (5) 11, ಒಟ್ಟು 390 ಹಣ್ಣುಗಳು, ತಲೆಗೆ 30.